ಇಲ್ಲದವರನ್ನು ಹಚ್ಚಿಕೊಳ್ಳುವುದು

ಗೋವಿನ ಹಾಡನ್ನು ಬಾಯಿಪಾಠ ಮಾಡದೆ ಶಾಲೆ ದಾಟಿದವರು ಈ ಸಭೆಯಲ್ಲಿ ಹೆಚ್ಚು ಮಂದಿ ಇರಲಾರರು. ಪುಣ್ಯಕೋಟಿಯೆಂಬ ಹಸು ಹುಲಿಯಿಂದ ಬಿಡುವು ಕೇಳಿ ದೊಡ್ಡಿಗೆ ಮರಳಿ, ಕರುವಿಗೆ ಕೊನೆಯ ಸಲ ಮೊಲೆಯೂಡಿಸಿ, ಉಳಿದ ಹಸುಗಳ ಎದುರು ನಿಂತು, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ತಬ್ಬಲಿಯಾಗಲಿರುವ ಕರುವನ್ನು ಅವುಗಳ ಕೈಗೊಪ್ಪಿಸುವ ಘಟ್ಟ ಬಂದಾಗ ತರಗತಿಯಲ್ಲಿ ಒಂದಿಬ್ಬರಾದರೂ ಕಣ್ಣೊರೆಸಿಕೊಳ್ಳುತ್ತಾರೆ. ಅಷ್ಟಕ್ಕೇ ಮುಗಿದಿದ್ದರೆ ಆ ಹಾಡು ಸುಲಭದ್ದಾಗಿರುತ್ತಿತ್ತು. ಹಸು ಕೊಟ್ಟ ಮಾತಿನಂತೆ ಮರಳಿ ಬಂದು ನಿಂತಾಗ ಹಸಿದ ಹುಲಿಯೇ ನಾಚಿ ಪ್ರಾಣ ಬಿಡುತ್ತದೆ. ಆಗ ಮಗುವಿನ ದುಃಖ ಇಬ್ಭಾಗವಾಗುತ್ತದೆ. ಸತ್ಯಕ್ಕೆ ಜಯವೆಂದು ಮೇಷ್ಟ್ರು ಪಾಠ ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತದೆ: ಹುಲಿ ಯಾಕೆ ಸಾಯಬೇಕಿತ್ತು ಸಾರ್, ಅದಕ್ಕೆ ಹಸಿವಾಗಿತ್ತಲ್ಲ? ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ ಮೇಷ್ಟ್ರನ್ನು ನಾನಿನ್ನೂ ಕಂಡಿಲ್ಲ.

ಆ ಮಗುವಿಗೆ ಹಸು ಮಾತಾಡುವುದಿಲ್ಲವೆಂಬುದು ಗೊತ್ತು. ಹುಲಿ ನಾಚಿಕೆಯಿಂದ ಸಾಯುವುದಿಲ್ಲವೆಂಬುದೂ ಗೊತ್ತು. ಮನೆಯ ಹಿರಿಯರು, ಅದು ಬರೀ ಕಥೆ ಕಣೋ, ಅದಕ್ಕೆಲ್ಲ ಅಳ್ತಾರಾ ಎಂದು ತಲೆ ನೇವರಿಸುತ್ತಾರೆ. ಈ ಸಮಾಧಾನದ ಮಾತು ಯಾರ ಕಣ್ಣೀರನ್ನೂ ನಿಲ್ಲಿಸಿದ ಉದಾಹರಣೆಯಿಲ್ಲ, ಏಕೆಂದರೆ ಅಳುವವನಿಗೆ ಆ ಸಂಗತಿ ಮೊದಲೇ ತಿಳಿದಿರುತ್ತದೆ. ಇಂದು ನಾನು ನಿಮ್ಮ ಮುಂದಿಡಬೇಕೆಂದಿರುವುದು ಈ ತಿಳಿವಿನ ಕುರಿತಾದ ಕೆಲವು ವಿಚಾರಗಳನ್ನು. ಇಲ್ಲದವರನ್ನು ನಾವು ಇಷ್ಟು ಹಚ್ಚಿಕೊಳ್ಳುವುದು ಮರುಳಿನಿಂದಲ್ಲ, ಇಲ್ಲವೆಂದು ಚೆನ್ನಾಗಿ ಅರಿತೇ ಹಚ್ಚಿಕೊಳ್ಳುತ್ತೇವೆ. ಆ ಅರಿವು ಗಟ್ಟಿಯಾಗಿರುವವರೆಗೆ ಆ ನಂಟಿನಿಂದ ಯಾರಿಗೂ ಕೇಡಿಲ್ಲ, ಅದು ಸಡಿಲಗೊಂಡಾಗ ಅದರ ಬೆಲೆಯನ್ನು ಬದುಕಿರುವ ಮತ್ತಾರೋ ತೆರಬೇಕಾಗುತ್ತದೆ ಎಂಬುದು ನನ್ನ ವಾದ.

ಈ ಒಗಟನ್ನು ತತ್ತ್ವಶಾಸ್ತ್ರದ ಭಾಷೆಯಲ್ಲಿ ಬಿಗಿಯಾಗಿ ಕಟ್ಟಿಕೊಟ್ಟವರು ಕಾಲಿನ್ ರ‍್ಯಾಡ್‌ಫರ್ಡ್ ಎಂಬ ಇಂಗ್ಲಿಷ್ ಚಿಂತಕರು. 1975ರಲ್ಲಿ ಪ್ರಕಟವಾದ ಅವರ ಪ್ರಬಂಧದ ಶೀರ್ಷಿಕೆಯೇ ಒಂದು ಪ್ರಶ್ನೆ: ಆನಾ ಕರೆನಿನಾಳ ಗತಿಗೆ ನಾವು ಮರುಗುವುದಾದರೂ ಹೇಗೆ? ಆನಾ ಎಂದರೆ ಟಾಲ್‌ಸ್ಟಾಯ್‌ ಕಾದಂಬರಿಯ ನಾಯಕಿ. ಅವರು ಕೊಡುವ ಒಂದು ಉದಾಹರಣೆ ಸ್ವಾರಸ್ಯವಾಗಿದೆ. ಒಬ್ಬ ಬಂದು ತನ್ನ ತಂಗಿಗೆ ಒದಗಿದ ಘೋರ ಕಷ್ಟವನ್ನು ಹೇಳುತ್ತಾನೆ, ನೀವು ಕೇಳಿ ಕಂಗಾಲಾಗುತ್ತೀರಿ. ನಿಮ್ಮ ಮುಖ ನೋಡಿ ಅವನು, ನನಗೆ ತಂಗಿಯೇ ಇಲ್ಲ, ಸುಮ್ಮನೆ ಕಟ್ಟಿ ಹೇಳಿದೆ ಎನ್ನುತ್ತಾನೆ. ಆ ಕ್ಷಣ ನಿಮ್ಮ ಮರುಕ ಮಾಯವಾಗುತ್ತದೆ, ಅದರ ಜಾಗಕ್ಕೆ ಸಿಟ್ಟು ಬರುತ್ತದೆ. ಹಾಗಾದರೆ ಕಾದಂಬರಿಯ ಮೊದಲ ಪುಟದಿಂದಲೇ ಈಕೆ ಇಲ್ಲವೆಂದು ಗೊತ್ತಿದ್ದೂ ಕೊನೆಗೆ ರೈಲು ಹಳಿಯ ಮೇಲೆ ಬಿದ್ದವಳಿಗಾಗಿ ಮರುಗುವುದಕ್ಕೆ ಏನು ಆಧಾರ? ರ‍್ಯಾಡ್‌ಫರ್ಡ್ ತಲುಪಿದ ತೀರ್ಮಾನ ಕಟುವಾದದ್ದು: ಹೀಗೆ ಮರುಗುವುದು ನಮಗೆ ಸಹಜವೇ ಹೌದು, ಆದರೆ ತರ್ಕಕ್ಕೆ ಹೊಂದುವಂಥದ್ದಲ್ಲ.

ಅಲ್ಲಿಗೆ ಮಾತು ಮುಗಿಯಿತೆಂದು ಪಶ್ಚಿಮದವರೂ ಒಪ್ಪಿಲ್ಲ, ಆ ಚರ್ಚೆ ಈಗಲೂ ನಡೆಯುತ್ತಿದೆ. ಆದರೆ ಇದೇ ಪ್ರಶ್ನೆಯನ್ನು ಕಾಶ್ಮೀರದ ಆಲಂಕಾರಿಕರು, ಅಂದರೆ ಕಾವ್ಯತತ್ತ್ವವನ್ನು ಚರ್ಚಿಸಿದ ಪಂಡಿತರು, ಸಾವಿರ ವರ್ಷಗಳ ಹಿಂದೆ, ರಸವನ್ನು ಎಂದರೆ ಕಲೆಯಿಂದ ನಮ್ಮಲ್ಲಿ ಮೂಡುವ ಭಾವದ ಸವಿಯನ್ನು ಕುರಿತ ಭರತನ ನಾಟ್ಯಶಾಸ್ತ್ರದ ಒಂದು ಪುಟ್ಟ ಸೂತ್ರವನ್ನು ಎದುರಿಗಿಟ್ಟುಕೊಂಡು, ತಲೆಮಾರುಗಳ ಕಾಲ ಜಗಳವಾಡಿ ಬಿಡಿಸಲೆತ್ನಿಸಿದ್ದಾರೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಈ ಜಗಳದ ಪರಿಚಯವಿದ್ದೇ ಇರುತ್ತದೆ, ಉಳಿದವರಿಗಾಗಿ ಇಬ್ಬರ ಮಾತನ್ನಷ್ಟೇ ಹೇಳುತ್ತೇನೆ. ಮೊದಲನೆಯವನು ಶ್ರೀಶಂಕುಕ. ಅವನ ಗ್ರಂಥ ನಮಗೆ ಉಳಿದುಬಂದಿಲ್ಲ, ಅಭಿನವಗುಪ್ತ ಅದನ್ನು ಖಂಡಿಸುವುದಕ್ಕಾಗಿ ಎತ್ತಿಕೊಂಡಷ್ಟು ಮಾತ್ರ ಉಳಿದಿದೆ. ಎದುರಾಳಿಯ ಬಾಯಲ್ಲಿ ಬದುಕುವ ಭಾಗ್ಯ ವಿದ್ವಾಂಸರಿಗೆ ಆಗಾಗ ಒದಗುತ್ತದೆ. ರಂಗದ ಮೇಲಿನ ನಟನನ್ನು ರಾಮನೆಂದು ಕಾಣುವ ಪ್ರೇಕ್ಷಕನ ಅರಿವು ಎಂಥದು ಎಂಬುದಕ್ಕೆ ಅವನು ಚಿತ್ರದ ಕುದುರೆಯನ್ನು ತೋರಿಸುತ್ತಾನೆ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ಇದು ಕುದುರೆ ಎನ್ನುತ್ತೇವೆ. ಆ ಅರಿವು ನಿಜವೆಂಬ ಅರಿವಲ್ಲ, ಏಕೆಂದರೆ ಯಾರೂ ಅದಕ್ಕೆ ಹುಲ್ಲು ಹಾಕುವುದಿಲ್ಲ. ಸುಳ್ಳೆಂಬ ಅರಿವೂ ಅಲ್ಲ, ಏಕೆಂದರೆ ಯಾರೂ ಮೋಸಹೋದೆನೆಂದು ಹಲುಬುವುದಿಲ್ಲ. ಇರಬಹುದೇನೋ ಎಂಬ ಸಂಶಯವೂ ಅದರಲ್ಲಿಲ್ಲ, ಕುದುರೆಯಂತಿದೆ ಎಂಬ ಹೋಲಿಕೆಯೂ ಅಲ್ಲ. ಈ ನಾಲ್ಕಕ್ಕೂ ಸೇರದ ಐದನೆಯ ಬಗೆಯ ಅರಿವೊಂದಿದೆ ಎಂಬುದು ಶಂಕುಕನ ಪಕ್ಷ. ರ‍್ಯಾಡ್‌ಫರ್ಡರ ಒಗಟು ಕಟ್ಟಿಕೊಂಡಿರುವುದು, ಅರಿವು ಎಂದರೆ ನಿಜ ಇಲ್ಲವೇ ಸುಳ್ಳು, ಎರಡೇ ಎಂಬ ನಂಬಿಕೆಯ ಮೇಲೆ. ಆ ನಂಬಿಕೆಯನ್ನು ಕೆಳಗಿಟ್ಟರೆ ಒಗಟಿನ ಅರ್ಧ ಗಂಟು ತಾನಾಗಿ ಸಡಿಲಗೊಳ್ಳುತ್ತದೆಂದು ನನಗನ್ನಿಸುತ್ತದೆ.

ಎರಡನೆಯವನು ಅಭಿನವಗುಪ್ತ. ಅವನು ತೋರಿಸುವುದು ಒಂದು ಜಿಂಕೆಯನ್ನು. ಶಾಕುಂತಲ ನಾಟಕದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥ ಬೆನ್ನಟ್ಟಿದಾಗ ಓಡುವ ಆ ಜಿಂಕೆಯ ಪದ್ಯ ನಿಮಗೆ ನೆನಪಿರಬಹುದು. ಅದು ಮತ್ತೆ ಮತ್ತೆ ಕತ್ತು ಕೊಂಕಿಸಿ ಹಿಂದೆ ಬರುವ ರಥದ ಕಡೆ ನೋಡುತ್ತದೆ. ಬಾಣ ಬಿದ್ದೀತೆಂಬ ಅಂಜಿಕೆಯಿಂದ ಹಿಂಬದಿಯ ಮೈಯನ್ನು ಮುಂಬದಿಯೊಳಕ್ಕೆ ಎಳೆದುಕೊಳ್ಳುತ್ತದೆ. ದಣಿವಿನಿಂದ ತೆರೆದ ಬಾಯಿಯಿಂದ ಅರ್ಧ ಅಗಿದ ದರ್ಭೆ ದಾರಿಯುದ್ದಕ್ಕೂ ಉದುರುತ್ತದೆ. ಇಲ್ಲಿ ನಮಗೆ ಆಗುವ ಭಯ ಯಾರದು? ಜಿಂಕೆ ನನ್ನದಲ್ಲ, ಬಾಣ ನನ್ನ ಕಡೆಗಿಲ್ಲ, ಜಿಂಕೆ ಸತ್ತರೆ ನನಗೆ ನಷ್ಟವಿಲ್ಲ, ಉಳಿದರೆ ಲಾಭವಿಲ್ಲ. ಆದರೂ ಆ ದರ್ಭೆಯ ಚೂರುಗಳು ಉದುರುವಾಗ ಎದೆ ಬಡಿದುಕೊಳ್ಳುತ್ತದೆ. ಯಾವ ಊರು, ಯಾವ ಕಾಲ, ಯಾರ ಭಯ ಎಂಬ ಅಂಕಿತಗಳೆಲ್ಲ ಕಳಚಿಹೋದ ಭಯವೇ ಅಲ್ಲಿ ನೇರವಾಗಿ ಒಳಗೆ ಹೋಗುತ್ತದೆ ಎನ್ನುತ್ತಾನೆ ಅಭಿನವಗುಪ್ತ. ಸಾಧಾರಣೀಕರಣ ಎಂದು ಕರೆಯುವುದು ಇದನ್ನೇ. ಸ್ವಂತ ಬದುಕಿನಲ್ಲಿ ಭಯವಾದಾಗ ನಾವು ಓಡುತ್ತೇವೆ, ಕೂಗುತ್ತೇವೆ, ಬಾಗಿಲು ಹಾಕುತ್ತೇವೆ; ಭಯವನ್ನು ನೋಡುತ್ತ ನಿಲ್ಲುವ ಪುರಸೊತ್ತು ಸಿಗುವುದು ಇಲ್ಲದ ಜಿಂಕೆಯ ಎದುರಿನಲ್ಲಿ ಮಾತ್ರ.

ಇಷ್ಟು ಹೇಳಿದ ಮೇಲೆ ಒಂದು ತಕರಾರನ್ನೂ ನಾನೇ ಎತ್ತಬೇಕು. ಈ ಆಲಂಕಾರಿಕರ ರಸಸಿದ್ಧಾಂತ ಬೆಳೆದದ್ದು ನಾಟ್ಯವನ್ನು ನೋಡುವ ಸಹೃದಯನನ್ನು, ಎಂದರೆ ಮನಸ್ಸು ತೆರೆದು ನೋಡುವ ರಸಿಕನನ್ನು, ಮುಂದಿಟ್ಟುಕೊಂಡು. ಪರದೆ ಬೀಳುತ್ತದೆ, ರಸಾನುಭವ ಮುಗಿಯುತ್ತದೆ, ಸಹೃದಯ ಮನೆಗೆ ಹೋಗಿ ಉಣ್ಣುತ್ತಾನೆ. ನಾವು ಇಂದು ಮಾತಾಡುತ್ತಿರುವ ನಂಟು ಇದಕ್ಕಿಂತ ಬೇರೆಯದು. ಅದು ಪರದೆ ಬಿದ್ದ ಮೇಲೂ ಮನೆಯವರೆಗೆ ಬರುತ್ತದೆ, ಅಡಿಗೆಮನೆಯಲ್ಲಿ ನಿಲ್ಲುತ್ತದೆ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರುತ್ತದೆ, ವರ್ಷಗಟ್ಟಲೆ ಜೊತೆಯಲ್ಲಿರುತ್ತದೆ. ಒಂದು ಪಾತ್ರ ಸತ್ತಾಗ ವಾರಗಟ್ಟಲೆ ಊಟ ರುಚಿಸದಿರುವುದಕ್ಕೆ ಕರುಣರಸ ಎಂಬ ಹೆಸರು ಸಾಲದು. ಇದಕ್ಕೆ ಕಾಲದ ಕೈವಾಡ ಬೇಕು, ಕಥೆ ಕಂತುಕಂತಾಗಿ ಬರಬೇಕು. ಇದರ ಅತ್ಯಂತ ಚೆನ್ನಾಗಿ ದಾಖಲಾದ ಪ್ರಕರಣಕ್ಕೆ ಲಂಡನ್ನಿಗೆ ಹೋಗಬೇಕಾಗುತ್ತದೆ.

ಆರ್ಥರ್ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸನ ಸಣ್ಣಕಥೆಗಳನ್ನು ‘ಸ್ಟ್ರ್ಯಾಂಡ್’ ಮಾಸಪತ್ರಿಕೆಗೆ ಬರೆಯತೊಡಗಿದ್ದು 1891ರಲ್ಲಿ. ಅದೇ ವರ್ಷ ಅವರು ತಾಯಿಗೆ ಕಾಗದ ಬರೆದು, ಹೋಮ್ಸನನ್ನು ಮುಗಿಸಿಬಿಡುವ ಯೋಚನೆಯಿದೆ, ಅವನು ನನ್ನ ಮನಸ್ಸನ್ನು ಇದಕ್ಕಿಂತ ಮೇಲಾದ ಕೆಲಸಗಳಿಂದ ಸೆಳೆದುಬಿಡುತ್ತಾನೆ ಎಂದು ದೂರಿಕೊಂಡಿದ್ದರು. ಮೇಲಾದ ಕೆಲಸವೆಂದರೆ ಅವರ ಐತಿಹಾಸಿಕ ಕಾದಂಬರಿಗಳು. ತಾಯಿ ಕೂಡದೆಂದು ತಡೆದರು. ಎರಡು ವರ್ಷ ತಡೆದುಕೊಂಡ ಮಗ 1893ರ ಡಿಸೆಂಬರ್ ಸಂಚಿಕೆಯಲ್ಲಿ ಹೋಮ್ಸನನ್ನು ಸ್ವಿಟ್ಜರ್ಲೆಂಡಿನ ರೈಕೆನ್‌ಬಾಕ್ ಜಲಪಾತಕ್ಕೆ ಉರುಳಿಸಿಯೇಬಿಟ್ಟರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಓದುಗರು ಪತ್ರಿಕೆಯ ಚಂದಾ ನಿಲ್ಲಿಸಿದರೆಂಬ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ. ಲಂಡನ್ನಿನ ತರುಣರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಓಡಾಡಿದರೆಂಬ ಕಥೆಯನ್ನೂ ನೀವು ಕೇಳಿರುತ್ತೀರಿ. ಅದಕ್ಕೆ ಆ ಕಾಲದ ಪತ್ರಿಕೆಗಳಲ್ಲಿ ಆಧಾರ ಸಿಕ್ಕಿಲ್ಲ, ಆದ್ದರಿಂದ ಅದನ್ನು ಹೋಮ್ಸನ ಹಾಗೆಯೇ ಒಂದು ಒಳ್ಳೆಯ ಕಲ್ಪನೆಯೆಂದು ಇಟ್ಟುಕೊಳ್ಳೋಣ. ಒಬ್ಬ ಮಹಿಳೆ ತನಗೆ ಬರೆದ ಕಾಗದ, ಎಲೈ ಮೃಗವೇ ಎಂಬಂಥ ಸಂಬೋಧನೆಯಿಂದಲೇ ಶುರುವಾಗಿತ್ತೆಂದು ಡಾಯ್ಲ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಓದುಗರ ಹಟ, ಪ್ರಕಾಶಕರ ಹಣ ಎರಡೂ ಸೇರಿ 1901ರಲ್ಲಿ ಹೋಮ್ಸನ ಹಳೆಯ ಪ್ರಕರಣವೊಂದನ್ನು ಬರೆಸಿದವು, 1903ರಲ್ಲಿ ಅವನು ಸತ್ತೇ ಇರಲಿಲ್ಲವೆಂದು ಲೇಖಕರ ಕೈಯಿಂದಲೇ ಹೇಳಿಸಿದವು.

ಈ ಪ್ರಸಂಗದಲ್ಲಿ ನನಗೆ ಇವೆಲ್ಲಕ್ಕಿಂತ ಹಿಡಿಸುವುದು ಅಂಚೆಯ ಸಂಗತಿ. ಹೋಮ್ಸನ ಮನೆ 221ಬಿ, ಬೇಕರ್ ಸ್ಟ್ರೀಟ್. ಕಥೆ ಬರೆದ ಕಾಲಕ್ಕೆ ಆ ಬೀದಿಯ ಮನೆಸಂಖ್ಯೆಗಳು ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ. ಮುಂದೆ ಬೀದಿಯನ್ನು ವಿಸ್ತರಿಸಿದಾಗ ಆ ಸಂಖ್ಯೆ ಅಬ್ಬಿ ನ್ಯಾಷನಲ್ ಎಂಬ ಗೃಹಸಾಲದ ಸಂಸ್ಥೆಯ ಕಚೇರಿಗೆ ಬಿತ್ತು. ಅಲ್ಲಿಂದ ಆ ಕಚೇರಿಗೆ ಲೋಕದ ಮೂಲೆಮೂಲೆಯಿಂದ ಹೋಮ್ಸನ ಹೆಸರಿಗೆ ಕಾಗದಗಳು ಬರತೊಡಗಿದವು, ಕೊನೆಗೆ ಸಂಸ್ಥೆಯವರು ಆ ಕಾಗದಗಳಿಗೆ ಉತ್ತರ ಬರೆಯುವುದಕ್ಕೆಂದೇ ಒಬ್ಬ ಕಾರ್ಯದರ್ಶಿಯನ್ನು ನೇಮಿಸಿಕೊಂಡರು. ಶ್ರೀಮಾನ್ ಹೋಮ್ಸರು ನಿವೃತ್ತರಾಗಿ ಸಸೆಕ್ಸ್‌ನಲ್ಲಿ ಜೇನು ಸಾಕಿಕೊಂಡಿದ್ದಾರೆ ಎಂಬ ಉತ್ತರ ಅಲ್ಲಿಂದ ಹೋಗುತ್ತಿತ್ತು. ಕಾಗದ ಬರೆದವರೆಲ್ಲ ಹೋಮ್ಸ್ ಬದುಕಿದ್ದಾನೆಂದು ನಂಬಿದ್ದರೆಂದು ತಿಳಿದರೆ ನಾವು ಅವರನ್ನು ಅವಮಾನಿಸಿದಂತೆ. ಬಹುಪಾಲು ಜನರಿಗೆ ತಮ್ಮ ಕಾಗದವನ್ನು ಯಾರೋ ಗುಮಾಸ್ತರು ಒಡೆಯುತ್ತಾರೆಂದು ಗೊತ್ತಿತ್ತು, ಗುಮಾಸ್ತರಿಗೂ ಇವರಿಗೆ ಗೊತ್ತಿದೆಯೆಂದು ಗೊತ್ತಿತ್ತು. ಆಟದ ನಿಯಮ ಎರಡೂ ಕಡೆಯವರಿಗೆ ತಿಳಿದಿದ್ದರಿಂದಲೇ ಆಟ ಅಷ್ಟು ವರ್ಷ ನಡೆಯಿತು.

ನಮ್ಮಲ್ಲಿ ಇಂಥ ವಿಳಾಸವೊಂದು ಇರಲಿಲ್ಲ, ಆದರೆ ಕಂತುಗಳಿದ್ದವು. ವಾರಪತ್ರಿಕೆಗಳ ಧಾರಾವಾಹಿಗಳನ್ನು ಓದಿ ಬೆಳೆದವರು ಇಲ್ಲಿ ಮುಂದಿನ ಸಾಲಿನಲ್ಲಿಯೇ ಇದ್ದೀರಿ. ಪತ್ರಿಕೆ ಮನೆಗೆ ಬಂದೊಡನೆ ಮೊದಲು ಯಾರ ಕೈಗೆ ಸಿಗಬೇಕೆಂಬ ಜಗಳ, ಕಂತು ನಿಂತ ಜಾಗದಿಂದ ಮುಂದಿನ ವಾರದವರೆಗೆ ಅವಳು ಒಪ್ಪುತ್ತಾಳೋ ಇಲ್ಲವೋ ಎಂಬ ತರ್ಕ, ಬಾವಿಕಟ್ಟೆಯ ಬಳಿಯೂ ಆಫೀಸಿನ ಕ್ಯಾಂಟೀನಿನಲ್ಲಿಯೂ ಅದೇ ಮಾತು. ಎಷ್ಟೋ ಮನೆಗಳಲ್ಲಿ ಹೆಂಗಸರು ಪಿನ್ನು ಬಿಚ್ಚಿ ಧಾರಾವಾಹಿಯ ಹಾಳೆಗಳನ್ನಷ್ಟೇ ತೆಗೆದು, ದಪ್ಪ ಸೂಜಿಯಿಂದ ಹೊಲಿದು, ರಟ್ಟು ಹಾಕಿ ಇಟ್ಟುಕೊಳ್ಳುತ್ತಿದ್ದರು. ಅಂಥದೊಂದು ಕಟ್ಟು ಸಿಕ್ಕರೆ ತೆರೆದು ನೋಡಿ: ನಾಯಕಿ ಕಾಗದ ಹರಿದುಹಾಕುವ ಪುಟದ ಬೆನ್ನಿಗೆ ಅರ್ಧ ಕತ್ತರಿಸಿದ ಹಾಗಲಕಾಯಿ ಗೊಜ್ಜಿನ ವಿಧಾನವಿರುತ್ತದೆ, ಅಂಚಿನಲ್ಲಿ ಒಂದು ತಲೆನೋವಿನ ಮಾತ್ರೆಯ ಜಾಹೀರಾತಿರುತ್ತದೆ. ಅದೇ ಕಾದಂಬರಿ ಮುಂದೆ ಪುಸ್ತಕವಾಗಿ ಅಂಗಡಿಗೆ ಬಂದಾಗ ಕೊಂಡವರೂ ಈ ಕಟ್ಟನ್ನು ರದ್ದಿಗೆ ಹಾಕಲಿಲ್ಲ. ಎರಡು ಕಂತುಗಳ ನಡುವಿನ ಏಳು ದಿನಗಳಲ್ಲಿ ಲೇಖಕರು ಏನನ್ನೂ ಬರೆಯುವುದಿಲ್ಲ, ಆದರೂ ಪಾತ್ರ ಬೆಳೆಯುತ್ತದೆ. ಆ ಏಳು ದಿನ ಅದನ್ನು ಸಾಕಿದವರು ಓದುಗರು. ನಾವು ಹಚ್ಚಿಕೊಳ್ಳುವುದು ಹೆಚ್ಚಾಗಿ ನಾವು ಸಾಕಿದ ಆ ಭಾಗವನ್ನೇ ಎಂದು ನನ್ನ ಊಹೆ. ಒಂದೇ ರಾತ್ರಿ ಕುಳಿತು ಎಂಟು ಕಂತುಗಳನ್ನು ನೋಡಿ ಮುಗಿಸುವ ಈಗಿನ ಪದ್ಧತಿಯಲ್ಲಿ ನಂಟು ಬೇಗ ಬೆಳೆದು ಬೇಗ ಬಾಡುವಂತೆ ಕಂಡರೆ, ಅದಕ್ಕೆ ಕಾರಣ ಈ ನಡುವಿನ ದಿನಗಳು ಇಲ್ಲವಾದದ್ದೂ ಇರಬಹುದು.

ಟೆಲಿವಿಷನ್ ಬಂದ ಹೊಸತರಲ್ಲಿ, 1956ರಲ್ಲಿ, ಷಿಕಾಗೋದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ವಿದ್ವಾಂಸರು ಮನೋವೈದ್ಯರ ಪತ್ರಿಕೆಯೊಂದರಲ್ಲಿ ಈ ಬಗೆಯ ಏಕಮುಖ ನಂಟಿನ ಬಗ್ಗೆ ಲೇಖನ ಬರೆದರು. ಅವರ ಗಮನ ಕಾದಂಬರಿಯ ಪಾತ್ರಗಳಿಗಿಂತ ಹೆಚ್ಚಾಗಿ ರೇಡಿಯೋ, ಟಿ.ವಿ.ಗಳಲ್ಲಿ ದಿನವೂ ಬಂದು ಕೇಳುಗನನ್ನೇ ಉದ್ದೇಶಿಸಿ ಮಾತಾಡುವ ನಿರೂಪಕರ ಮೇಲಿತ್ತು. ಅವರು ಕೊಟ್ಟ ಒಂದು ಉದಾಹರಣೆಯಲ್ಲಿ, ಹೆಸರು ಹೇಳಿಕೊಳ್ಳದ ಹೆಣ್ಣೊಬ್ಬಳು ರೇಡಿಯೋದಲ್ಲಿ ತಾನೂ ಒಂಟಿಯೆಂದು ಮೆಲುದನಿಯಲ್ಲಿ ಹೇಳಿಕೊಳ್ಳುತ್ತಾಳೆ, ಮದುವೆಯ ಪ್ರಸ್ತಾಪಗಳುಳ್ಳ ಕಾಗದಗಳು ಸಾವಿರಗಟ್ಟಲೆ ಬರುತ್ತವೆ. ಈ ಲೇಖನವನ್ನು ಮಾಧ್ಯಮದ ಕೇಡಿಗೆ ಸಾಕ್ಷಿಯಾಗಿ ಉಲ್ಲೇಖಿಸುವವರು ಹೆಚ್ಚು. ಆದರೆ ಬಹುಪಾಲು ಜನರ ಮಟ್ಟಿಗೆ ಇಂಥ ನಂಟು ನಿತ್ಯದ ಬದುಕಿಗೆ ಪೂರಕವಾಗಿಯೇ ಇರುತ್ತದೆ, ಬೇರಾವ ಒಡನಾಟವೂ ಇಲ್ಲದವರಲ್ಲಿ ಅದು ಬದುಕಿನ ಜಾಗವನ್ನೇ ಆಕ್ರಮಿಸಿದಾಗ ಮಾತ್ರ ರೋಗವೆನಿಸುತ್ತದೆ ಎಂಬುದು ಅವರ ನಿಲುವು.

ನಮ್ಮ ಜನ ನಟನನ್ನೂ ಪಾತ್ರವನ್ನೂ ಬೆರೆಸಿಬಿಡುತ್ತಾರೆಂಬ ದೂರು ಹಳೆಯದು. ದೂರದರ್ಶನದಲ್ಲಿ 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರದ ಬೆಳಗ್ಗೆ ರಾಮಾಯಣ ಬರುತ್ತಿದ್ದಾಗ ಟಿ.ವಿ. ಪೆಟ್ಟಿಗೆಗೆ ಹೂವಿನ ಹಾರ ಹಾಕಿ ಊದುಬತ್ತಿ ಹಚ್ಚಿದ ಮನೆಗಳನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಅದರ ಮುಂದಿನ ಭಾಗವನ್ನೂ ನೆನಪಿಸುತ್ತೇನೆ. 1991ರ ಲೋಕಸಭಾ ಚುನಾವಣೆಯಲ್ಲಿ ಸೀತೆಯ ಪಾತ್ರ ಮಾಡಿದ ದೀಪಿಕಾ ಚಿಖಲಿಯಾ ಗುಜರಾತಿನ ಬರೋಡಾದಿಂದ ಗೆದ್ದರು. ಅದೇ ಚುನಾವಣೆಯಲ್ಲಿ, ಅದೇ ರಾಜ್ಯದ ಸಾಬರಕಾಂಠಾದಿಂದ, ಅದೇ ಪಕ್ಷದಿಂದ, ರಾವಣನ ಪಾತ್ರ ಮಾಡಿದ ಅರವಿಂದ ತ್ರಿವೇದಿಯವರೂ ಗೆದ್ದರು. ಮತದಾರರಿಗೆ ನಟನೂ ಪಾತ್ರವೂ ಒಂದೇ ಆಗಿದ್ದರೆ ರಾವಣ ಠೇವಣಿ ಕಳೆದುಕೊಳ್ಳಬೇಕಿತ್ತು. ಹಾರ ಹಾಕಿದ ಕೈಗೂ ಮತ ಹಾಕಿದ ಕೈಗೂ ಯಾವುದು ಏನೆಂಬುದು ತಿಳಿದಿತ್ತು. ಎರಡೂ ಕಡೆ ಅವರು ಸಲ್ಲಿಸಿದ್ದು ಒಂದೂವರೆ ವರ್ಷ ಮನೆಗೆ ಬಂದುಹೋದವರ ಮೇಲಿನ ಪರಿಚಯದ ಋಣವನ್ನು. ಆ ಮತಗಳು ರಾಜಕೀಯವಾಗಿ ವಿವೇಕದವೇ ಎಂಬುದು ಬೇರೆ ಚರ್ಚೆ, ಅದನ್ನು ಇಲ್ಲಿ ಎಳೆದುಕೊಳ್ಳುವುದಿಲ್ಲ.

ಪಾತ್ರಗಳ ಮಾತು ಇಷ್ಟಾಯಿತು. ಊರುಗಳನ್ನೂ ನಾವು ಹೀಗೆಯೇ ಹಚ್ಚಿಕೊಳ್ಳುತ್ತೇವೆ, ಇದರಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. 1930ರ ಸೆಪ್ಟೆಂಬರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನದಂದು, ಬೆಂಗಳೂರಿನಲ್ಲಿ ಆರ್.ಕೆ. ನಾರಾಯಣ್ ಒಂದು ನೋಟುಬುಕ್ಕು ಕೊಂಡು ತಂದು ಬರೆಯಲು ಕುಳಿತಾಗ, ಮೊದಲು ಕಣ್ಣಿಗೆ ಕಟ್ಟಿದ್ದು ಪುಟ್ಟ ರೈಲ್ವೆ ನಿಲ್ದಾಣವುಳ್ಳ ಒಂದು ಊರು. ಮಾಲ್ಗುಡಿ ಹುಟ್ಟಿದ್ದು ಹಾಗೆ. ಸರಯೂ ನದಿ, ಮೆಂಪಿ ಬೆಟ್ಟ, ಮಾರ್ಕೆಟ್ ರಸ್ತೆ, ಕಬೀರ್ ಬೀದಿ, ಲಾಲಿ ಎಕ್ಸ್‌ಟೆನ್ಷನ್, ಆಲ್ಬರ್ಟ್ ಮಿಷನ್ ಶಾಲೆ; ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರು ಈ ಬೀದಿಗಳಲ್ಲಿಯೇ ಓಡಾಡಿದರು. ಮಾಲ್ಗುಡಿ ಎಲ್ಲಿದೆಯೆಂದು ಕೇಳಿದವರಿಗೆಲ್ಲ ಅದು ಯಾವ ನಕ್ಷೆಯಲ್ಲೂ ಇಲ್ಲವೆಂದು ಹೇಳುತ್ತಿದ್ದರು, ಷಿಕಾಗೋ ವಿಶ್ವವಿದ್ಯಾಲಯದ ಪ್ರಕಾಶನದವರು ಸಾಹಿತ್ಯದ ಭೂಪಟವೊಂದರಲ್ಲಿ ಅದನ್ನು ಗುರುತಿಸಿಯೇಬಿಟ್ಟಿದ್ದಾರೆಂದು ತಾವೇ ನಗುತ್ತಲೂ ಇದ್ದರು.

ಆದರೆ ಅವರು ನಗದಿದ್ದ ಒಂದು ಸಂದರ್ಭವೂ ಉಂಟು. ‘ಗೈಡ್’ ಕಾದಂಬರಿಯನ್ನು ಸಿನಿಮಾ ಮಾಡಹೊರಟವರನ್ನು ನಾರಾಯಣ್ ಮೈಸೂರಿನ ಸುತ್ತಮುತ್ತ ಕರೆದೊಯ್ದು, ಕಾವೇರಿಯ ದಂಡೆಯ ಮೆಟ್ಟಿಲುಗಳನ್ನೂ ಆಲದ ನೆರಳಿನ ಪುಟ್ಟ ಗುಡಿಯನ್ನೂ ತೋರಿಸಿ, ನನ್ನ ಕಥೆ ನಡೆದದ್ದು ಇಂಥಲ್ಲಿ ಎಂದರು. ಚಿತ್ರತಂಡ ಎಲ್ಲವನ್ನೂ ನೋಡಿ ಮೆಚ್ಚಿ, ಚಿತ್ರೀಕರಣಕ್ಕೆ ರಾಜಸ್ಥಾನಕ್ಕೆ ಹೋಯಿತು. ಇದೇನೆಂದು ಕೇಳಿದ ಲೇಖಕರಿಗೆ, ಮಾಲ್ಗುಡಿಯನ್ನು ನಾವು ಎಲ್ಲಿಡುತ್ತೇವೋ ಅದು ಅಲ್ಲಿರುತ್ತದೆ ಎಂಬ ಅರ್ಥದ ಉತ್ತರ ಸಿಕ್ಕಿತು. ಇದನ್ನೆಲ್ಲ ಅವರು ಒಂದು ಪ್ರಬಂಧದಲ್ಲಿ ತಣ್ಣನೆಯ ವ್ಯಂಗ್ಯದಿಂದ ಬರೆದಿಟ್ಟಿದ್ದಾರೆ. ಎರಡು ದಶಕ ಕಳೆದ ಮೇಲೆ ಶಂಕರ್ ನಾಗ್ ದೂರದರ್ಶನಕ್ಕಾಗಿ ಅದೇ ಮಾಲ್ಗುಡಿಯನ್ನು ಆಗುಂಬೆಯಲ್ಲಿಟ್ಟರು. ನಾರಾಯಣರ ಪುಟಗಳಲ್ಲಿ ಸುಡುಬಿಸಿಲಿಗೆ ಜನ ಬಳಲುವ ಊರು ವರ್ಷದ ಅರ್ಧ ಕಾಲ ಮಳೆ ಸುರಿಯುವ ಮಲೆನಾಡಿಗೆ ಬಂದು ಕೂತಿತು. ಭೂಗೋಳದ ದೃಷ್ಟಿಯಿಂದ ನೋಡಿದರೆ ಇದೂ ಅಪಚಾರವೇ. ಆದರೂ ಉದಯಪುರವನ್ನು ಯಾರೂ ಮಾಲ್ಗುಡಿಯೆಂದು ಹುಡುಕಿಕೊಂಡು ಹೋಗುವುದಿಲ್ಲ, ಆಗುಂಬೆಗೆ ಹೋಗುತ್ತಾರೆ. ಅಲ್ಲಿಯ ದೊಡ್ಡಮನೆಯ ಜಗಲಿಯಲ್ಲಿ, ಸ್ವಾಮಿ ಕೂತ ಜಾಗ ಇದೇ ಅಲ್ಲವೇ ಎಂದು ಕೇಳಿ ಅಲ್ಲಿಯೇ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದರು. ಮೈಸೂರು ಬೆಂಗಳೂರಿನ ನಡುವೆ ಮಾಲ್ಗುಡಿ ಎಕ್ಸ್‌ಪ್ರೆಸ್ ಎಂಬ ರೈಲೇ ಓಡಿತು. ಇಲ್ಲದ ಊರಿನ ಹೆಸರಿನ ರೈಲಿಗೆ ನಿಜವಾದ ಟಿಕೆಟ್ ಕೊಂಡು, ನಿಜವಾಗಿ ತಡವಾದಾಗ ನಿಜವಾಗಿ ಬೈದುಕೊಂಡವರು ನಮ್ಮ ನಡುವೆ ಇದ್ದಾರೆ.

ಆಗುಂಬೆ ಒಪ್ಪಿಗೆಯಾಗಿ ಉದಯಪುರ ಆಗದೆ ಹೋದದ್ದು ಏಕೆ? ನನಗೆ ಕಾಣುವ ಕಾರಣವಿಷ್ಟು: ಓದುಗ ಹಚ್ಚಿಕೊಂಡದ್ದು ಹವೆಯನ್ನೂ ಅಲ್ಲ, ಬೀದಿಗಳ ಅಳತೆಯನ್ನೂ ಅಲ್ಲ, ಅಲ್ಲಿಯ ಜನ ಒಬ್ಬರನ್ನೊಬ್ಬರು ನಡೆಸಿಕೊಳ್ಳುವ ರೀತಿಯನ್ನು. ಮಗ ಕದ್ದು ಮುಚ್ಚಿ ಆಡಿದ್ದು ತಂದೆಗೆ ಗೊತ್ತಿದ್ದೂ ಪೇಪರಿನಿಂದ ತಲೆಯೆತ್ತದಿರುವುದು, ಅಜ್ಜಿ ಕೋಣೆಯ ಕತ್ತಲಲ್ಲಿ ಕಥೆ ಹೇಳುವಾಗ ಮೊಮ್ಮಗ ಕ್ರಿಕೆಟ್ಟಿನ ಮಾತು ನಡುವೆ ತರುವುದು, ಇಂಥವು ಮಳೆಯಲ್ಲೂ ನಡೆಯುತ್ತವೆ. ಇವು ಇಲ್ಲದಿದ್ದರೆ ಕಾವೇರಿಯ ದಂಡೆಯಲ್ಲೇ ಕ್ಯಾಮೆರಾ ನಿಲ್ಲಿಸಿದ್ದರೂ ಅದು ಮಾಲ್ಗುಡಿಯಾಗುತ್ತಿರಲಿಲ್ಲ.

ಈಗ ಕೇಡಿನ ಮಾತಿಗೆ ಬರುತ್ತೇನೆ. ಮಕ್ಕಳು ಕೊರಿಯಾದ ಧಾರಾವಾಹಿ, ಜಪಾನಿನ ಅನಿಮೆಗಳ ಪಾತ್ರಗಳಿಗಾಗಿ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಾರೆಂದು ತಂದೆತಾಯಂದಿರು ಆತಂಕದಿಂದ ಹೇಳುವುದನ್ನು ಕೇಳುತ್ತಿರುತ್ತೇನೆ. ಇದೇ ತಾಯಂದಿರ ತಾಯಂದಿರು ವಾರಪತ್ರಿಕೆಯ ನಾಯಕಿಗಾಗಿ ಅತ್ತಿದ್ದರು, ಅನ್ನ ಸೀದಿತ್ತು. ಅತ್ತದ್ದರಿಂದ ಏನೂ ಕೆಡುವುದಿಲ್ಲ. ಅಭಿನವಗುಪ್ತ ರಸಾನುಭವಕ್ಕೆ ಅಡ್ಡಬರುವ ವಿಘ್ನಗಳನ್ನು ಎಣಿಸುತ್ತ, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ಸಿಕ್ಕಿಬೀಳುವುದನ್ನೂ ಸೇರಿಸುತ್ತಾನೆ. ಈ ಪಾತ್ರ ನಾನೇ, ಇವಳ ಕಷ್ಟ ನನ್ನದೇ ಎಂದು ಹೇಳತೊಡಗಿದವನು ಪಾತ್ರವನ್ನು ನೋಡುವುದನ್ನು ಬಿಟ್ಟು ತನ್ನನ್ನೇ ನೋಡಿಕೊಳ್ಳತೊಡಗಿರುತ್ತಾನೆ. ಒಂಟಿಯಾದ ಹುಡುಗನೊಬ್ಬನಿಗೆ ಪರೀಕ್ಷೆಯ ದಿನಗಳಲ್ಲಿ ಕಲ್ಪಿತ ಗೆಳೆಯನೊಬ್ಬ ಜೊತೆಯಾದರೆ ಅದನ್ನು ಹಾಸ್ಯ ಮಾಡುವ ಹಕ್ಕು ನಮಗಿಲ್ಲ. ಆ ಗೆಳೆಯನ ಬಗ್ಗೆ ಅವನು ಇನ್ನೊಬ್ಬರೊಡನೆ ಮಾತಾಡುತ್ತಾನೆಯೇ, ಇಲ್ಲಾ ಆ ಗೆಳೆಯನಿಗಾಗಿ ಇನ್ನೊಬ್ಬರೊಡನೆ ಮಾತು ಬಿಟ್ಟಿದ್ದಾನೆಯೇ ಎಂಬುದನ್ನಷ್ಟೇ ಗಮನಿಸಿದರೆ ಸಾಕು.

ನನಗೆ ನಿಜವಾಗಿ ಅಂಜಿಕೆ ಹುಟ್ಟಿಸುವುದು ವಸೂಲಿಗೆ ಹೊರಡುವವರು. ಧಾರಾವಾಹಿಯಲ್ಲಿ ಸೊಸೆಯನ್ನು ಕಾಡುವ ಅತ್ತೆಯ ಪಾತ್ರ ಮಾಡಿದ ನಟಿಯರು ಮದುವೆಮನೆಗಳಲ್ಲಿ ಬೈಗುಳ ತಿಂದದ್ದನ್ನು ಸಂದರ್ಶನಗಳಲ್ಲಿ ನಗುತ್ತಲೇ ಹೇಳಿಕೊಳ್ಳುತ್ತಾರೆ. ಎದುರು ನಿಂತು ಬೈದವಳಿಗೆ ನಟಿಯ ಮುಖ ಕಂಡು ಒಂದು ಗಳಿಗೆಯಲ್ಲಿ ನಾಚಿಕೆಯಾಗುತ್ತಿತ್ತು, ಕೊನೆಗೆ ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಈಗ ಬೈಗುಳ ಫೋನಿನಿಂದ ಹೋಗುತ್ತದೆ, ಮುಖ ಕಾಣುವುದಿಲ್ಲ. ತಾನು ಮೆಚ್ಚಿದ ಜೋಡಿಯನ್ನು ಕಥೆಯಲ್ಲಿ ಬೇರ್ಪಡಿಸಿದ್ದಕ್ಕೆ ಬರಹಗಾರ್ತಿಗೆ ಬೆದರಿಕೆ ಹಾಕುವವನೂ, ತೆರೆಯ ಮೇಲಿನ ಜೋಡಿ ನಿಜದಲ್ಲಿಯೂ ಮದುವೆಯಾಗಲಿಲ್ಲವೆಂದು ನಟನ ಹೆಂಡತಿಯನ್ನು ಹೀಯಾಳಿಸುವವನೂ ಚಿತ್ರದ ಕುದುರೆಗೆ ಹುಲ್ಲು ತರುವವರಲ್ಲ, ಕುದುರೆ ಓಡಲಿಲ್ಲವೆಂದು ಚಿತ್ರಕಾರನಿಗೆ ಚಾಟಿ ಬೀಸುವವರು. ಹೋಮ್ಸನಿಗಾಗಿ ಡಾಯ್ಲರನ್ನು ಬೈದ ಮಹಿಳೆಯೂ ಇದೇ ಸಾಲಿನವಳೇ ಎಂದು ನೀವು ಕೇಳಬಹುದು. ಆಕೆ ಕಾಗದ ಬರೆದು, ಅಂಚೆಗೆ ಹಾಕಿ, ಉತ್ತರಕ್ಕೆ ಕಾಯಬೇಕಾಗಿತ್ತು. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿಯುತ್ತಿತ್ತು ಎಂಬುದನ್ನು ಬಿಟ್ಟರೆ ನನ್ನ ಬಳಿಯೂ ಬೇರೆ ಉತ್ತರವಿಲ್ಲ.

ಓದುಗರ ನಂಟಿನ ಬಗ್ಗೆಯೇ ಇಷ್ಟು ಹೊತ್ತು ಹೇಳಿದೆ. ಕವಿಗೇ ಈ ನಂಟು ಅಂಟಿಕೊಂಡರೆ ಏನಾಗುತ್ತದೆಂಬುದಕ್ಕೆ ನಮ್ಮ ಭಾಷೆಯ ಮೊದಲ ಮಹಾಕವಿಯೇ ಸಾಕ್ಷಿ. 941ರ ಸುಮಾರಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ ಅವನ ಮೇಲಿದ್ದ ಹೊಣೆ ಸ್ಪಷ್ಟವಾಗಿತ್ತು. ಆಶ್ರಯ ಕೊಟ್ಟ ದೊರೆ ವೇಮುಲವಾಡದ ಚಾಲುಕ್ಯ ಅರಿಕೇಸರಿ. ಕಾವ್ಯದ ನಾಯಕ ಅರ್ಜುನ. ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿ ಹಾಡಬೇಕು. ಕಾವ್ಯದ ಹೆಸರೇ ಆ ಹೊಣೆಯನ್ನು ಸಾರುತ್ತದೆ. ಪಂಪ ಅದನ್ನು ನಿಷ್ಠೆಯಿಂದ ನಡೆಸಿಕೊಂಡು ಬರುತ್ತಾನೆ, ಹನ್ನೆರಡನೆಯ ಆಶ್ವಾಸದವರೆಗೆ. ಅಲ್ಲಿ ಕರ್ಣ ಬೀಳುತ್ತಾನೆ. ನಾಯಕನ ದೊಡ್ಡ ಎದುರಾಳಿ ನಾಯಕನ ಬಾಣಕ್ಕೇ ಬಿದ್ದಿದ್ದಾನೆ, ಆಸ್ಥಾನಕವಿ ಜಯಘೋಷ ಮಾಡಬೇಕಾದ ಜಾಗ ಅದು. ಪಂಪ ಅಲ್ಲಿ ಕಥೆಯನ್ನು ತಡೆದು ನಿಲ್ಲಿಸಿ ನೇರವಾಗಿ ಕೇಳುಗನ ಕಡೆಗೆ ತಿರುಗುತ್ತಾನೆ: “ನೆನೆಯದಿರಣ್ಣ ಭಾರತದೊಳಿಂ ಪೆಱರಾರುಮನ್”. ಮಹಾಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ ಅಣ್ಣ, ಒಂದೇ ಮನಸ್ಸಿನಿಂದ ನೆನೆಯುವುದಾದರೆ ಕರ್ಣನನ್ನು ನೆನೆ. ಅಲ್ಲಿಂದ ಮುಂದೆ ಅವನು ಆ ಹೆಸರನ್ನು ಬಿಡಲಾರದೆ ಕರ್ಣ, ಕರ್ಣ ಎಂದು ಹೇಳುತ್ತಲೇ ಹೋಗಿ, ಕೊನೆಗೆ ಮಹಾಭಾರತವೇ “ಕರ್ಣರಸಾಯನಮಲ್ತೆ”, ಕರ್ಣನ ರಸಾಯನ, ಕಿವಿಗೂ ರಸಾಯನ ಅಲ್ಲವೇ, ಎಂದು ಪದ್ಯ ಮುಗಿಸುತ್ತಾನೆ.

ಬೇರೆ ಯಾರನ್ನೂ ಎಂದರೆ ಅರ್ಜುನನನ್ನೂ ಎಂದಾಯಿತು. ಅರ್ಜುನನನ್ನೂ ಎಂದರೆ ಎದುರಿಗೆ ಸಿಂಹಾಸನದ ಮೇಲೆ ಕುಳಿತು ಕೇಳುತ್ತಿದ್ದವನನ್ನೂ ಎಂದಾಯಿತು. ಪಂಪನಿಗೆ ಇದು ತಿಳಿಯದೆ ಬಾಯಿಂದ ಜಾರಿದ ಮಾತೆಂದು ನಾನು ಒಪ್ಪುವುದಿಲ್ಲ, ಅಷ್ಟು ಎಚ್ಚರದ ಕವಿ ಅವನು. ಅಣ್ಣ ಎಂಬ ಆ ಸಂಬೋಧನೆ ಯಾರಿಗೆಂದು ವಿದ್ವಾಂಸರು ಬೇಕಾದಷ್ಟು ಚರ್ಚಿಸಲಿ, ಆಸ್ಥಾನದಲ್ಲಿ ಅದು ಎಲ್ಲರ ಕಿವಿಗೂ ಬಿದ್ದಿರಬೇಕು. ಅರಿಕೇಸರಿಯ ಮುಖ ಆಗ ಹೇಗಿತ್ತೋ ಕಾವ್ಯ ಹೇಳುವುದಿಲ್ಲ. ಆ ಪದ್ಯವನ್ನು ಒಳಗಿಟ್ಟುಕೊಂಡಿರುವ ಕಾವ್ಯಕ್ಕೆ ಬಹುಮಾನವಾಗಿ ಅವನು ಕವಿಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನೆಂಬುದನ್ನು ಮಾತ್ರ ಹೇಳುತ್ತದೆ.